ಮಿಡತೆಯ ಮೊಣಕಾಲಿಗೆ ಹಾಕಿದ ಹೊಲಿಗೆ

“ನಿಮ್ಮ ಮಗನ ಪ್ಯಾಂಟು ಎಲ್ಲೂ ಓಡಿಹೋಗಲ್ಲ, ಕೂತ್ಕೊಳ್ಳಿ, ಮೊದಲು ಇದನ್ನ ಕೇಳಿ. ನಮ್ಮ ಮಿಡತೆಗೆ ಮೊಣಕಾಲೊಳಗೆ ಹೊಲಿಗೆ ಹಾಕಿದಾರೆ! ಚರ್ಮಕ್ಕಲ್ಲ, ಮೂಳೆಗೆ! ಮೊಣಕಾಲ ನಡುವೆ ಹಗ್ಗದ ಥರ ಒಂದು ಪಟ್ಟಿ ಇರತ್ತಂತೆ. ದೊಡ್ಡೋರು ಬಿದ್ರೆ ಪಟ್ಟಿನೇ ಹರಿಯೋದು ಜಾಸ್ತಿ. ಮಕ್ಕಳ ಮೂಳೆ ಎಳೇದಲ್ವಾ, ಪಟ್ಟಿ ತಾನು ಹರಿಯದೆ ಮೂಳೆ ಚೂರನ್ನೇ ಕಿತ್ಕೊಂಡು ಬರತ್ತೆ. ಗುಂಡಿ ಎಳೆದ್ರೆ ದಾರ ಹರಿಯದೆ ಬಟ್ಟೆನೇ ಕಿತ್ತು ಬರಲ್ವಾ, ಹಾಗೆ! ಸ್ಕ್ರೂ ಹಾಕಬಹುದಿತ್ತಂತೆ. ಇವಳ ಚೂರು ತೆಳು, ಸ್ಕ್ರೂ ತಿರುಗಿಸಿದ್ರೆ ಪುಡಿಪುಡಿ. ಅದಕ್ಕೇ ದಾರ. ಸಣ್ಣ ತೂತಿನಲ್ಲಿ ಕ್ಯಾಮೆರಾ ಇಳಿಸಿ, ಪಟ್ಟಿ ಬುಡಕ್ಕೆ ದಾರ ಹಾಯಿಸಿ, ಮೂಳೆ ಕೊರೆದು ಈಚೆ ಎಳೆದು, ಚೂರನ್ನ ಅದರ ಜಾಗದಲ್ಲೇ ಕೂರಿಸಿ ಗಂಟು! ಜೀವಮಾನವೆಲ್ಲ ಗುಂಡಿ ಹಾಕಿದೀನಿ, ಇಂಥ ಗುಂಡಿ ನಾನು ನೋಡಿಲ್ಲಮ್ಮ!”

ಟೈಲರಕ್ಕ ಇಷ್ಟನ್ನೂ ಹೇಳಿದ್ದು ತುಟಿಯಂಚಿನಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡೇ. ಬಟ್ಟೆಗೆ ಕತ್ತರಿ ಹಾಕುತ್ತಿದ್ದಳೇ ಹೊರತು ಮಾತಿಗೆ ಎಂದೂ ಹಾಕಿದವಳಲ್ಲ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ: ಕಿಟಕಿಯ ಪಕ್ಕ ಮಷಿನ್ನು, ಗೋಡೆಯುದ್ದಕ್ಕೂ ಕಟಿಂಗ್ ಟೇಬಲ್ಲು, ಮೂಲೆಯಲ್ಲಿ ಇಸ್ತ್ರಿ ಹಿಡಿಯುವ ಗಂಡ. ಹೊಲಿಯುವುದು ಮಕ್ಕಳ ಬಟ್ಟೆ ಮಾತ್ರ. ಪ್ರತಿಯೊಂದಕ್ಕೂ ಒಳಮಡಿಕೆ ಧಾರಾಳ. “ಮಗು ಬೆಳೀತು, ಮಡಿಕೆ ಬಿಚ್ಚಿಕೊಡಕ್ಕ” ಎಂದು ವರ್ಷ ಕಳೆದ ಮೇಲೆ ತಾಯಂದಿರು ಅದೇ ಫ್ರಾಕು ಹಿಡಿದು ಬರುತ್ತಿದ್ದರು.

ಮಿಡತೆ ಎಂದರೆ ಮಗಳ ಮಗಳು. ಅಮ್ಮ ಕಾರ್ಖಾನೆಗೆ ಹೋದರೆ ಹುಡುಗಿ ಅಜ್ಜಿಯ ಬಳಿ. ಒಂದು ಕಡೆ ನಿಂತದ್ದನ್ನು ಯಾರೂ ಕಂಡಿಲ್ಲ, ಅದಕ್ಕೇ ಆ ಹೆಸರು. ಸಂಜೆ ಅಂಗಡಿ ಮುಚ್ಚುವ ಮುಂಚೆ ಮಷಿನ್ನಿನ ಕೆಳಗೆ ನುಸುಳಿ, ಅಯಸ್ಕಾಂತ ಹಿಡಿದು, ಬಿದ್ದ ಪಿನ್ನುಗಳನ್ನೆಲ್ಲ ಹೆಕ್ಕುವುದು ಅವಳ ಕೆಲಸ. ಸೈಕಲ್ಲಿನಿಂದ ಬಿದ್ದ ದಿನದಿಂದ ಪಿನ್ನುಗಳು ನೆಲದಲ್ಲೇ ಉಳಿದಿದ್ದವು.

ಆಪರೇಷನ್ನಿಗೆ ಮೊದಲು ಮೂಳೆ ಡಾಕ್ಟರು, “ಮೊಣಕಾಲ ಹತ್ತಿರಾನೇ ಮೂಳೆ ಬೆಳೆಯೋ ಪದರ ಇದೆ. ಅದಕ್ಕೆ ಪೆಟ್ಟಾಗದ ಹಾಗೆ ನೋಡ್ಕೋತೀವಿ” ಎಂದಿದ್ದರು.

“ಅಂದ್ರೆ ಒಳಮಡಿಕೆ ಬಿಟ್ಟು ಹೊಲೀತೀರಿ!” ಎಂದಳು ಟೈಲರಕ್ಕ. ಡಾಕ್ಟರು ನಕ್ಕು ಹೌದೆಂದರು. ಅಲ್ಲಿಂದ ಅವಳ ಮಟ್ಟಿಗೆ ಡಾಕ್ಟರೂ ತನ್ನ ಕಸುಬಿನವರೇ ಆಗಿಬಿಟ್ಟರು.

ಅವಳು ಎಡವಿದ್ದೂ ಅಲ್ಲೇ. ಮನೆಗೆ ಕಳಿಸುವಾಗ ಡಾಕ್ಟರು ಕಾಲಿಗೆ ಬೆಲ್ಟು ಬಿಗಿದು, ದಿನಾ ಅದನ್ನು ಬಿಚ್ಚಿ ಮೊಣಕಾಲನ್ನು ಸ್ವಲ್ಪಸ್ವಲ್ಪ ಮಡಿಸಬೇಕೆಂದು ಹೇಳಿದ್ದರು. ಟೈಲರಕ್ಕನಿಗೆ ಗೊತ್ತಿದ್ದದ್ದು ಬೇರೆ: ಹೊಸ ಹೊಲಿಗೆಯನ್ನು ಎಳೆಯಬಾರದು. ಹುಡುಗಿ ಕಾಲು ಅಲುಗಿಸಿದರೆ ಸಾಕು, ಅಜ್ಜಿಗೆ ದಾರ ಪಟ್ಟೆಂದ ಹಾಗಾಗುತ್ತಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು, ಕಾಲು ಮಡಿಯದಂತೆ.

“ಡಾಕ್ಟ್ರು ಮಡಿಸಿ ಅಂದಿದ್ರಲ್ವೇ?” ಎಂದ ಗಂಡ.

“ಇಸ್ತ್ರಿ ಹಿಡಿಯೋರಿಗೆ ಹೊಲಿಗೆ ವಿಷಯ ಏನ್ ಗೊತ್ತು? ಸುಮ್ನಿರಿ.”

ಮುಂದಿನ ಸಲ ತೋರಿಸಲು ಹೋದಾಗ ಕಾಲು ಹಲಗೆಯಾಗಿತ್ತು. ಡಾಕ್ಟರು ಎಕ್ಸ್‌ರೇ ನೋಡಿದರು, ಕಾಲು ಹಿಡಿದು ನೋಡಿದರು.

“ಮೂಳೆ ಚೆನ್ನಾಗಿ ಕೂತಿದೆ. ಆದ್ರೆ ಮಡಿಸ್ಲೇ ಇಲ್ವಲ್ಲ! ಒಳಗೆಲ್ಲ ಅಂಟಿಕೊಳ್ತಾ ಇದೆ. ಮುಂದಿನ ಸಲ ಬರೋ ಹೊತ್ತಿಗೆ ಕುರ್ಚೀಲಿ ಕೂತ ಹಾಗೆ ಕಾಲು ಮಡಿಯದಿದ್ರೆ ಮತ್ತೆ ಆಪರೇಷನ್ ಥಿಯೇಟರಿಗೆ ಕರ್ಕೊಂಡು ಹೋಗಿ ಬಿಡಿಸಬೇಕಾಗತ್ತೆ.”

ಟೈಲರಕ್ಕ ಹುಡುಗಿಯ ಮೊಣಕಾಲಿಗೆ ಕೈ ಅಡ್ಡ ಹಿಡಿದಳು. “ಹೊಲಿಗೆ ಬಿಟ್ಕೊಂಡ್ರೆ ಅಂತ...”

“ಅಲ್ಲಮ್ಮ, ನೀವು ಹೊಲಿದ ಪ್ಯಾಂಟು ಹಾಕ್ಕೊಂಡು ಮಕ್ಕಳು ಕೂರೋದೇ ಬೇಡ್ವಾ?”

“ಕೂರೋದೇನು, ಜಾರುಬಂಡೆ ಜಾರ್ತಾರೆ!” ಎಂದವಳು ಅಲ್ಲೇ ಬಾಯಿ ಮುಚ್ಚಿಕೊಂಡಳು.

ಅವತ್ತೇ ಕಟಿಂಗ್ ಟೇಬಲ್ಲು ಖಾಲಿಯಾಯಿತು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಮೇಡಂ ತೋರಿಸಿಕೊಟ್ಟಿದ್ದಂತೆ ಮಿಡತೆಯನ್ನು ಅದರ ಮೇಲೆ ಕೂರಿಸಿ, ಹಿಮ್ಮಡಿಯ ಕೆಳಗೆ ನುಣುಪಾದ ಲೈನಿಂಗ್ ಬಟ್ಟೆಯ ತುಂಡು ಹಾಕಿದಳು. ಹುಡುಗಿ ಹಿಮ್ಮಡಿಯನ್ನು ತನ್ನತ್ತ ಎಳೆದುಕೊಳ್ಳಬೇಕು. ಬಂದಷ್ಟು ದೂರಕ್ಕೆ ಅಜ್ಜಿ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು.

“ನೋಯತ್ತೆ ಅಜ್ಜಿ!”

“ನಿನ್ನೆ ಗೆರೆ ನಿನ್ನನ್ನ ನೋಡಿ ನಗ್ತಿದೆ ಕಣೇ. ಮಿಡತೆ ಅಂತೆ ಮಿಡತೆ, ಬಸವನಹುಳು!”

“ಯಾರು ಬಸವನಹುಳು?” ಹಿಮ್ಮಡಿ ಸರ್ರೆಂದು ಗೆರೆ ದಾಟಿತು.

ಬಟ್ಟೆ ಒಯ್ಯಲು ಬಂದವರೆಲ್ಲ ಮೊದಲು ಟೇಬಲ್ಲಿಗೇ ಬಗ್ಗುತ್ತಿದ್ದರು, “ಎಲ್ಲಿಗೆ ಬಂತು, ಎಲ್ಲಿಗೆ ಬಂತು?” ಎಂದು. ಗೆರೆ ಮುಂದೆ ಹೋದ ದಿನ ಅವರದೂ ಚಪ್ಪಾಳೆ. ಗಂಡ ಇಸ್ತ್ರಿ ಹಿಡಿದು ಬೆಚ್ಚಗಾದ ಬಟ್ಟೆ ಮಡಚಿ ಮೊಣಕಾಲ ಮೇಲೆ ಹಾಕುತ್ತಿದ್ದ.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಮಿಡತೆ ಟೇಬಲ್ಲಿನ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಳು. ಟೈಲರಕ್ಕ ಬಟ್ಟೆಗೆ ಮೂಲೆ ಹಿಡಿಯುವ ಎಲ್ ಆಕಾರದ ಅಳತೆಪಟ್ಟಿ ತಂದು, ತೊಡೆಯ ಪಕ್ಕ ಅದರ ಒಂದು ತೋಳು, ಮೊಣಕಾಲ ಕೆಳಗೆ ಇನ್ನೊಂದು ತೋಳು ಬರುವಂತೆ ಹಿಡಿದಳು. ಕೂದಲೆಳೆಯಷ್ಟೂ ಸಂದಿಲ್ಲ.

“ರೀ! ಬನ್ನಿ ಇಲ್ಲಿ! ಮೂಲೆ ಕೂತಿದೆ! ನೆಟ್ಟಗೆ ಕೂತಿದೆ ಕಣ್ರೀ!”

“ಇಸ್ತ್ರಿ ಹಿಡಿಯೋರಿಗೆ ಏನ್ ಗೊತ್ತಾಗತ್ತೆ?” ಎನ್ನುತ್ತಲೇ ಅವನು ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಓಡಿ ಬಂದ.

ಮರುದಿನ ಡಾಕ್ಟರೂ ಅಳೆದರು. “ಥಿಯೇಟರ್ ಬೇಡ. ಆಟಕ್ಕೆ ಇನ್ನೂ ಕಾಯ್ಬೇಕು, ಮಡಿಸೋದನ್ನ ಮಾತ್ರ ನಿಲ್ಲಿಸ್ಬೇಡಿ” ಎಂದರು. ದಾರಿಯುದ್ದಕ್ಕೂ ಟೈಲರಕ್ಕ ಎದುರು ಸಿಕ್ಕ ಎಲ್ಲರಿಗೂ ಅದನ್ನೇ ಹೇಳುತ್ತ ಬಂದಳು, ಗುರುತಿಲ್ಲದವರಿಗೂ.

ಸಂಜೆ ಮಿಡತೆ ಗಿಡ್ಡ ಸ್ಟೂಲನ್ನು ಮಷಿನ್ನಿನ ಪಕ್ಕಕ್ಕೆ ಎಳೆದುಕೊಂಡು ಕೂತು, ಅಯಸ್ಕಾಂತವನ್ನು ನೆಲದ ಮೇಲೆ ಆಡಿಸಿದಳು. ಪಿನ್ನುಗಳು ಟಿಕ್ ಟಿಕ್ಕೆಂದು ಅಂಟಿಕೊಂಡವು.

“ಪೆಡಲ್ ಹಿಂದೆ ಒಂದಿದೆ ನೋಡು” ಎಂದಳು ಅಜ್ಜಿ, ದಾರದ ಚೂರುಗಳನ್ನು ಬಾಗಿಲ ಕಡೆಗೆ ಗುಡಿಸುತ್ತ.