ಬೈಸಿಕೊಳ್ಳುವವರ ಸಾಲು

ನಮ್ಮಂಥ ಗಿರಣಿ ಮಾಲೀಕರ ಪ್ರತಿಭೆ ಹುಡುಕಿ ಬೆಳೆಸಲು ತಿಪಟೂರಿನಿಂದ ತರಬೇತುದಾರರೊಬ್ಬರು ಬರುತ್ತಿದ್ದರು. ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ, "ಇರೋದನ್ನ ಬೆಳೆಸ್ರಿ, ಇಲ್ದಿರೋದನ್ನ ಬುಡ್ರಿ" ಎನ್ನುತ್ತಿದ್ದರು. ಮಾಯಸಂದ್ರದ ನನ್ನ ಎಣ್ಣೆ ಗಿರಣಿಯಲ್ಲಿ ಎರಡು ದಿನ ಕೂತು ನೋಡಿ, ನನ್ನ ಪ್ರತಿಭೆ ಬೈಯುವುದು ಎಂದು ಕಂಡುಹಿಡಿದರು. ಉಳಿದ ಕೆಲಸವನ್ನೆಲ್ಲ ಬೇರೆಯವರಿಗೆ ಹಂಚಿ, ಅಂಗಳದಲ್ಲಿ ಕುರ್ಚಿ ಹಾಕಿಸಿ ನನ್ನನ್ನು ಕೂರಿಸಿದರು. ಕೆಲಸಗಾರರು ಸಾಲಾಗಿ ಬಂದು ಬೈಸಿಕೊಂಡು ಹೋಗತೊಡಗಿದರು.

"ಅಕ್ಕಾ, ನನ್ಗೂ ಬಿರ್ರನೆ ಬೈದ್ಬುಡಿ, ಬಸ್ಸಿಗೆ ಹೊತ್ತಾಯ್ತು" ಎಂದಳು ಕೊಬ್ಬರಿ ಒಣಹಾಕುವ ರಂಗಮ್ಮ.

ಅವಳನ್ನು ಬೈದು ಕಳಿಸಿದೆ. ಅವಳ ಹಿಂದೆ ತರಬೇತುದಾರರೇ ನಿಂತಿದ್ದರು. "ನನ್ನೊಳಗೆ ಏನಿದೆ ಅಂತ ಇವತ್ತಿನವರೆಗೂ ಯಾರೂ ಹೇಳಿಲ್ಲ ಕಣ್ರೀ. ನೀವಾದ್ರೂ ಬೈದು ಹೇಳಿ" ಎಂದರು.

ಬಾಯಿ ತೆರೆದೆ. ಒಂದು ಬೈಗುಳವೂ ಹೊರಡಲಿಲ್ಲ. ಅವರು ಕನ್ನಡಕ ಒರೆಸಿಕೊಂಡು, "ಪರವಾಗಿಲ್ಲ, ನಾಳೆ ಮೊದ್ಲು ನನ್ನನ್ನೇ ಕರೀರಿ" ಎಂದು ಹೇಳಿ ಹೊರಟರು.