ಖಾಲಿ ಜಾಗಕ್ಕೆ ಅಪ್ಪನ ಗೆರೆ

ಬಂಟ್ವಾಳದ ನಮ್ಮ ಮನೆಯಿಂದ ಪಾಣೆಮಂಗಳೂರಿನ ಸೇತುವೆ ದಾಟಿ ಇಂಗ್ಲಿಷ್ ಪಾಠಕ್ಕೆ ಹೋಗುವಾಗ ನಾನು ನಡೆಯುತ್ತಿದ್ದೆನೋ ತೇಲುತ್ತಿದ್ದೆನೋ, ಹೇಳಲಾರೆ. ಕೆಳಗೆ ನೇತ್ರಾವತಿ, ಬಾಯಲ್ಲಿ ‘ಅಪ್ಲೈ ಫಾರ್, ಅಪ್ಲೈ ಟು’. ನಮ್ಮ ತುಳುವಿನಲ್ಲೂ ಕನ್ನಡದಲ್ಲೂ ಈ ‘ಫಾರ್’, ‘ಟು’ಗಳಂಥವು ವಿಭಕ್ತಿಗಳಾಗಿ ಪದದ ಬಾಲ ಹಿಡಿದು ತಾವಾಗಿಯೇ ಬರುತ್ತವೆ. ಇಂಗ್ಲಿಷಿನಲ್ಲಿ ದೂರ ನಿಂತು, ಕರೆಯಲಿ ಎಂದು ಕಾಯುತ್ತವೆ. ಯಾವುದನ್ನು ಕರೆಯುವುದು? ಯೋಚಿಸುತ್ತ ಎಷ್ಟೋ ಸಲ ಮಾಸ್ಟ್ರ ಮನೆಯನ್ನೇ ದಾಟಿ ಹೋಗಿದ್ದೇನೆ.

ಮಾಸ್ಟ್ರದು ಒಂದೇ ಕಟ್ಟಪ್ಪಣೆ: “ಗೊತ್ತಿಲ್ಲದಿದ್ದರೆ ಊಹಿಸಿ ಬರೆಯಬೇಡ. ಕ್ರಿಯಾಪದದ ಮುಂದೆ ಜಾಗ ಬಿಡು, ನಾನು ತುಂಬಿಸ್ತೇನೆ.”

ಎಸ್ಸೆಸ್ಸೆಲ್ಸಿ ಮುಗಿದದ್ದೇ ಟೀಚರ್ ಟ್ರೈನಿಂಗಿಗೆ ಅರ್ಜಿ ಬರೆದೆ. ಸೀಟು ಸಿಗದಿದ್ದರೆ ಮದುವೆ ಎಂದು ಅಜ್ಜಿ ಗಂಡು ಕೂಡ ನೋಡಿಟ್ಟಿದ್ದರು. ಅರ್ಜಿಯಲ್ಲಿ ಐದು ಕಡೆ ಜಾಗ ಬಿಟ್ಟು, ಸಹಿ ಹಾಕಿ, ಮುಂಡಾಜೆಗೆ ಹೋಗಿದ್ದ ಮಾಸ್ಟ್ರು ಬರಲಿ ಎಂದು ಮನೆಯ ಮೇಜಿನ ಮೇಲಿಟ್ಟೆ.

ಅಪ್ಪ ರಿಜಿಸ್ಟ್ರಿ ಕಚೇರಿಯ ಎದುರು ಕೂತು ಕ್ರಯಪತ್ರ ಬರೆಯುವವರು. ಇಂಗ್ಲಿಷ್ ಬಾರದು. ಒಂದು ಸಂಜೆ ಖುಷಿಯಿಂದ ಬಂದರು.

“ನಿನ್ನ ಅರ್ಜಿ ಅಂಚೆಗೆ ಹಾಕಿ ಬಂದೆ ಮಗಾ. ಅಲ್ಲಲ್ಲಿ ಖಾಲಿ ಬಿಟ್ಟಿದ್ದೆಯಲ್ಲ? ಹಾಗೆ ಬಿಟ್ಟರೆ ಯಾರಾದರೂ ಏನಾದರೂ ಸೇರಿಸ್ತಾರೆ. ಎಲ್ಲ ಕಡೆ ಗೆರೆ ಎಳೆದು ಭದ್ರ ಮಾಡಿದ್ದೇನೆ.”

ಕ್ರಯಪತ್ರ ಬರೆಯುವವರ ಪದ್ಧತಿಯೇ ಅದು. ಮಾಸ್ಟ್ರು ಪದ ತುಂಬಬೇಕಿದ್ದ ಐದೂ ಕಡೆ ಈಗ ಗೆರೆ. ಸಿಟ್ಟು ಬಂತು, ಸುಳ್ಳೇಕೆ? ಆದರೆ ಅಪ್ಪನ ಮುಖ ನೋಡಿ, ಕಾಫಿ ತಂದು ಕೊಟ್ಟೆ.

ಸೀಟು ಸಿಗಲಿಲ್ಲ. “ಏನಂತೆ?” ಎಂದರು ಅಪ್ಪ.

“ಸೀಟು ತುಂಬಿತಂತೆ” ಎಂದೆ, ಗೆರೆಗಳ ಸುದ್ದಿ ಮುಚ್ಚಿಟ್ಟು.

ಅಜ್ಜಿ ಗಂಡಿನ ಮಾತೆತ್ತಿದರು. ಎಂದೂ ಅವರಿಗೆ ಎದುರಾಡದ ಅಪ್ಪ ಅಂದು, “ಇನ್ನೊಂದು ವರ್ಷ ನೋಡುವ ಅಮ್ಮ. ಅವಳು ಓದುವವಳು” ಎಂದುಬಿಟ್ಟರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಮರುವರ್ಷ ಮಾಸ್ಟ್ರ ಅಪ್ಪಣೆ ಮೀರಿದೆ. ತೋಚಿದ್ದನ್ನೇ ಬರೆದು, ಎಲ್ಲೂ ಜಾಗ ಬಿಡದೆ, ಅರ್ಜಿಯನ್ನು ಅಪ್ಪನ ಕೈಗಿತ್ತೆ. ಅವರು ಕನ್ನಡಕ ಏರಿಸಿ, ಪೆನ್ನು ಬಿಚ್ಚಿ, ಸಾಲು ಸಾಲಾಗಿ ಖಾಲಿ ಜಾಗ ಹುಡುಕಿದರು.

“ಇದರಲ್ಲಿ ನನಗೇನೂ ಕೆಲಸವೇ ಇಲ್ಲವಲ್ಲ” ಎಂದು ಮೆಲ್ಲನೆ ಪೆನ್ನು ಮುಚ್ಚಿದರು.

ಸೀಟು ಸಿಕ್ಕಿತು. ಕೊನೆಯ ಸಾಲಿನ ಆಚೆಗಾದರೂ, ಅಪ್ಪ ಗೆರೆ ಎಳೆಯಲೆಂದು, ಒಂದಿಷ್ಟು ಜಾಗ ಬಿಡಬಹುದಿತ್ತು ಎಂದು ಈಗಲೂ ಅನಿಸುತ್ತದೆ.