ಯಾರೂ ಕಾಣದ ತಿಗಣೆ

ನೋಡದೆ ತೀರ್ಪು ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಇಪ್ಪತ್ತಾರು ವರ್ಷ ಶಾಲೆಯಲ್ಲಿ ಕನ್ನಡ ಪಾಠ ಹೇಳಿದ ನಾನು, ಎರಡು ಸಲ ಓದದೆ ಯಾವ ಉತ್ತರಪತ್ರಿಕೆಯ ಮೇಲೂ ಕೆಂಪು ಗೆರೆ ಎಳೆದವಳಲ್ಲ. ಹೋದ ಬೇಸಿಗೆಯಲ್ಲಿ ಬಸವನಗುಡಿಯ ನಮ್ಮ ಫ್ಲ್ಯಾಟಿನಲ್ಲಿ ನಡೆದುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆಗ ಉರಿದದ್ದು ಗುಳ್ಳೆಗಳಿಂದ, ಈಗ ಉರಿಯುವುದು ಸಿಟ್ಟಿನಿಂದ.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ನನ್ನ ಬೆನ್ನು, ಸೊಂಟಗಳ ಮೇಲೆ ಕೆಂಪು ಗುಳ್ಳೆಗಳೆದ್ದವು. ಒಂದೊಂದರ ನಡುವೆಯೂ ಸೂಜಿಮೊನೆಯಷ್ಟು ನೀರಿನ ಚುಕ್ಕೆ. ಮರುದಿನ ನನ್ನ ಯಜಮಾನರಿಗೂ ಹಾಗೆಯೇ ಆಯಿತು. ಸೊಳ್ಳೆಯಾಗಿದ್ದರೆ ತೆರೆದ ಕೈಕಾಲುಗಳನ್ನು ಬಿಟ್ಟು ಬಟ್ಟೆ ಮುಚ್ಚಿದ ಜಾಗವನ್ನೇ ಏಕೆ ಹುಡುಕಿಕೊಂಡು ಬರಬೇಕು? ಚರ್ಮದ ವೈದ್ಯರು ಮುಲಾಮು ಬರೆದುಕೊಟ್ಟು, "ಯಾವುದೋ ಹುಳ" ಎಂದರು. ಯಾವುದೋ ಎಂಬುದು ನನ್ನ ಲೆಕ್ಕದಲ್ಲಿ ಉತ್ತರವಲ್ಲ.

ಔಷಧ ಹೊಡೆಯುವ ಕಂಪನಿಯವರೊಬ್ಬರನ್ನು ಕರೆಸಿದೆವು. ಅವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಗುಳ್ಳೆಯ ಮಾತು ಕೇಳಿ, "ತಿಗಣೆ ಮೇಡಂ. ಹಂಡ್ರೆಡ್ ಪರ್ಸೆಂಟ್" ಎಂದರು.

"ನೋಡಿದಿರಾ?"

"ನೋಡೋದೇನ್ ಬಂತು ಮೇಡಂ, ದಿನಾ ಇದೇ ಕೆಲಸ ನಮ್ದು."

ಹಾಸಿಗೆಯ ಹೊಲಿಗೆಗಳನ್ನು ಬಿಡಿಸಿ, ಮಂಚದ ಸಂದುಗಳಿಗೆ ಟಾರ್ಚು ಬಿಟ್ಟು ನಾನೇ ಹುಡುಕಿದೆ. ಒಂದೂ ತಿಗಣೆಯಿಲ್ಲ, ಕಲೆಯಿಲ್ಲ, ಮೊಟ್ಟೆಯಿಲ್ಲ. ಆದರೂ ಅವರು ಔಷಧ ಹೊಡೆದು ಹೋದರು. ಮೂರನೆಯ ದಿನಕ್ಕೆ ಹೊಸ ಗುಳ್ಳೆಗಳೆದ್ದವು.

ಆ ಶುಕ್ರವಾರ ಅತ್ತಿಗೆ ಬಂದರು. ಯಜಮಾನರ ಅಕ್ಕ, ಹನುಮಂತನಗರದವರು. ಪ್ರತಿ ಶುಕ್ರವಾರ ದೇವಸ್ಥಾನ ಮುಗಿಸಿಕೊಂಡು ನಮ್ಮಲ್ಲಿಗೆ ಬರುವುದು ವಾಡಿಕೆ. ನಮ್ಮ ಮನೆಕೆಲಸದವಳು ಕಾಫಿ ಲೋಟ ಎತ್ತಲು ಕೈಚಾಚಿದಾಗ ಅವಳ ಮೊಣಕೈವರೆಗೂ ಎದ್ದಿದ್ದ ಗುಳ್ಳೆಗಳು ಅತ್ತಿಗೆಯ ಕಣ್ಣಿಗೆ ಬಿದ್ದವು.

"ಏನೇ ಇದು? ನೋಡಿದ್ಯಾ ಇವಳ ಕೈನ! ಇಲ್ಲಿದೆ ನೋಡು ನಿನ್ ತಿಗಣೆ. ಇವಳ ಮನೆಯಿಂದ ಸೀರೇಲಿ ಕೂತ್ಕೊಂಡು ಬರ್ತಿದೆ, ನೀನು ಮಂಚದ ಸಂದೀಲಿ ಹುಡುಕ್ತಾ ಇದೀಯ! ಮೇಷ್ಟ್ರಮ್ಮ ಅಂತೆ, ಮೇಷ್ಟ್ರಮ್ಮ."

ಹನ್ನೊಂದು ವರ್ಷಗಳಿಂದ ನಮ್ಮ ಮನೆ ಗುಡಿಸಿ ಒರೆಸುತ್ತಿದ್ದ ಹೆಂಗಸು ಅವಳು. ಅದೇ ಕಟ್ಟಡದ ಇನ್ನೆರಡು ಮನೆಗಳಲ್ಲೂ ಅವಳಿಗೆ ಕೆಲಸವಿತ್ತು. ಈ ಮೂರು ಮನೆಗಳೇ ಅವಳ ಜೀವನ. ಅವಳು ಲೋಟ ಹಿಡಿದು ನನ್ನ ಮುಖ ನೋಡಿದಳು. ನಾನು ಆಗ ಹೇಳಬೇಕಾಗಿದ್ದ ಮಾತು ಒಂದೇ: ನೋಡದೆ ಹೇಳಬೇಡಿ. ಮಕ್ಕಳಿಗೆ ಸಾವಿರ ಸಲ ಹೇಳಿದ ಆ ಮಾತು ಯಜಮಾನರ ಅಕ್ಕನೆದುರು ನನ್ನ ಬಾಯಿಂದ ಹೊರಡಲಿಲ್ಲ. ಬದಲಿಗೆ, "ಒಂದು ವಾರ ಬರಬೇಡ ಕಣಮ್ಮ, ನೋಡೋಣ" ಎಂದೆ.

"ಕಚ್ಚಿಸ್ಕೊಂಡೋಳು ನಾನೂ ಅಲ್ವಾ ಟೀಚರಮ್ಮ?" ಎಂದಷ್ಟೇ ಹೇಳಿ ಅವಳು ಲೋಟ ತೊಳೆದಿಟ್ಟು ಹೋದಳು.

ಅತ್ತಿಗೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಇಳಿದು ಹೋಗುವಾಗ ಲಿಫ್ಟಿನಲ್ಲಿ ಸಿಕ್ಕ ಎದುರು ಮನೆಯವರಿಗೂ ಸುದ್ದಿ ಮುಟ್ಟಿಸಿದರು. ಸಂಜೆಯೊಳಗೆ ಉಳಿದೆರಡು ಮನೆಗಳೂ ಅವಳನ್ನು ಬಿಡಿಸಿದವು. ಗುಳ್ಳೆ ಎದ್ದವರೆಲ್ಲ ಅಪರಾಧಿಗಳಾದರೆ ನಾನೂ ಯಜಮಾನರೂ ಯಾರು? ಅದೇ ಗುಳ್ಳೆ ನಮ್ಮ ಮೈಮೇಲಿದ್ದರೆ ಕಾಯಿಲೆ, ಅವಳ ಕೈಮೇಲಿದ್ದರೆ ಸಾಕ್ಷಿ! ಈ ನ್ಯಾಯವನ್ನು ಯಾವ ಪುಸ್ತಕದಲ್ಲಿ ಓದಿದರೋ ಕಾಣೆ.

ಮರುದಿನವೇ ಇನ್ನೂರು ಪುಟದ ನೋಟ್‌ಬುಕ್ಕೊಂದರಲ್ಲಿ ಕೋಷ್ಟಕ ಹಾಕಿದೆ. ಯಾರಿಗೆ, ಮೈಯ ಯಾವ ಭಾಗದಲ್ಲಿ, ಯಾವ ದಿನ, ಹಿಂದಿನ ದಿನ ಎಲ್ಲಿ ಕೂತು ಎಲ್ಲಿ ಮಲಗಿದ್ದರು ಎಂದು ನಾಲ್ಕು ಕಲಮುಗಳು. ಯಜಮಾನರನ್ನು ನಡುಮನೆಯ ದಿವಾನಿನ ಮೇಲೆ ಮಲಗಿಸಿದೆ. "ನನ್ನನ್ನೂ ಪರೀಕ್ಷೆಗೆ ಕೂರಿಸಿದ್ಯಲ್ಲ" ಎಂದು ಗೊಣಗಿದರು. ಆದರೆ ಎರಡೇ ದಿನದಲ್ಲಿ ಅವರ ಹೊಸ ಗುಳ್ಳೆಗಳು ನಿಂತವು. ಮಂಚದ ಮೇಲೆ ಮಲಗಿದ ನನಗೆ ನಿಲ್ಲಲಿಲ್ಲ. ಕೆಲಸದವಳಿಗೆ ಫೋನು ಮಾಡಿದೆ. ಅವಳ ಕೈ ನಾಲ್ಕೇ ದಿನಕ್ಕೆ ಒಣಗಿತ್ತು. ಅವಳ ಮನೆಯಲ್ಲಿ ಇನ್ನಾರಿಗೂ ಒಂದೂ ಗುಳ್ಳೆಯಿರಲಿಲ್ಲ. ಐದನೆಯ ದಿನ ನನ್ನ ಮೊಣಕೈವರೆಗೂ ಗುಳ್ಳೆಗಳೆದ್ದವು, ಅವಳಿಗಿದ್ದ ಜಾಗದಲ್ಲೇ. ಹಿಂದಿನ ದಿನ ನಾನು ಮಾಡಿದ್ದ ಹೊಸ ಕೆಲಸ ಒಂದೇ: ಅವಳ ಪೊರಕೆ ಹಿಡಿದು ಮಂಚದ ಕೆಳಗೆ ಗುಡಿಸಿದ್ದು. ಗುಡಿಸಲೆಂದು ಅಲ್ಲಿದ್ದ ಗೋಣಿಚೀಲವನ್ನು ಎರಡೂ ಕೈಗಳಿಂದ ತಬ್ಬಿ ಈಚೆಗೆಳೆದಿದ್ದೆ.

ಅದು ಅತ್ತಿಗೆ ಕೊಟ್ಟ ಚೀಲ. ಪ್ರತಿ ವರ್ಷ ಸೊಗಡವರೆಯ ಕಾಲದಲ್ಲಿ ಕಾಯಿ ಬಿಡಿಸಿ, ಕಾಳು ಒಣಗಿಸಿ ತಮ್ಮನ ಮನೆಗೆ ಕಳುಹಿಸುತ್ತಾರೆ. ಆ ಚೀಲವನ್ನು ಅವರೆದುರಿಗೇ ಬಿಚ್ಚಿ, ಮೊದಲ ಹುಳಿಯನ್ನು ಅವರಿಗೇ ಬಡಿಸುವುದು ಮನೆಯ ಪದ್ಧತಿ. ಈ ವರ್ಷ ಅವರು ಬಂದದ್ದೆಲ್ಲ ಶುಕ್ರವಾರ, ಶುಕ್ರವಾರ ಅವರಿಗೆ ಒಪ್ಪತ್ತು. ಹೀಗೆ ಜನವರಿಯ ಚೀಲ ಬೇಸಿಗೆಯವರೆಗೂ ಬಾಯಿ ಬಿಚ್ಚದೆ, ಗೌರವಪೂರ್ವಕವಾಗಿ, ನಮ್ಮ ಮಂಚದಡಿ ಕೂತಿತ್ತು.

ಬಾಲ್ಕನಿಗೆ ಒಯ್ದು ಬಿಚ್ಚಿದೆ. ಕಾಳುಗಳಿಗೆಲ್ಲ ತೂತು, ಬೂದಿಯಂಥ ಹಿಟ್ಟು, ಹರಿದಾಡುವ ಕಂದು ಹುಳಗಳು. ವಿಜ್ಞಾನ ಪಾಠ ಹೇಳುತ್ತಿದ್ದ ನನ್ನ ಹಳೆಯ ಸಹೋದ್ಯೋಗಿ ಭೂತಗನ್ನಡಿ ತಂದು, ಕಾಳೊಂದನ್ನು ಸೀಳಿ ತೋರಿಸಿದಳು. ಒಳಗಿನ ಮರಿಹುಳುವಿಗೆ ಸಾಸಿವೆಗಿಂತ ಚಿಕ್ಕ ಹಳದಿ ಮಣಿಗಳು ಅಂಟಿಕೊಂಡಿದ್ದವು.

"ಇದೇ ಕಣೇ ನುಸಿ. ಹುಳ ನಿಮ್ಮನ್ನ ಕಚ್ಚಲ್ಲ, ಆ ಹುಳದ ಮರೀನ ತಿನ್ನೋ ಈ ನುಸಿ ಕಚ್ಚುತ್ತೆ. ಈ ನುಸಿ ಮರಿಗಳಂತೂ ಬರೀ ಕಣ್ಣಿಗೆ ಕಾಣೋದೇ ಇಲ್ಲ. ಚೀಲ ಆಚೆ ಹೋದ್ರೆ ಇದೂ ಹೋಯ್ತು."

ಚೀಲ ಹೋಯಿತು, ಹಾಸಿಗೆ ಬಟ್ಟೆಗಳೆಲ್ಲ ಬಿಸಿನೀರಿಗೆ ಬಿದ್ದವು, ವಾರದಲ್ಲಿ ಗುಳ್ಳೆಗಳೂ ಹೋದವು. ಅತ್ತಿಗೆಗೆ ಫೋನು ಮಾಡಿದೆ.

"ನನ್ ಕಾಳಲ್ಲಿ ಹುಳಾನಾ? ಮೂರ್ ದಿನ ತಾರಸಿ ಮೇಲೆ ಒಣಗ್ಸಿದೀನಿ!"

"ಕೆಮ್ಮಣ್ಣು ಕಟ್ಟಿದ್ರಾ, ಅತ್ತಿಗೆ?"

ಕಾಳಿಗೆ ಹುಳು ಹಿಡಿಯದಿರಲೆಂದು ಕೆಮ್ಮಣ್ಣು ಬಳಿದಿಡುವುದನ್ನು ನನಗೆ ಕಲಿಸಿದವರೇ ಅವರು.

"ಈಗ್ಯಾರೇ ಕಟ್ತಾರೆ? ತೊಳೆಯೋದು ನಿನಗೇ ಕಷ್ಟ ಅಂತ ಬಿಟ್ಟೆ. ಒಳ್ಳೇದಕ್ಕೆ ಕಾಲ ಇಲ್ಲ."

"ಅವಳನ್ನ ಬಿಡಿಸಿದ ಆ ಎರಡು ಮನೆಗೂ ಹೋಗಿ, ತಪ್ಪು ಅವಳದಲ್ಲ ಅಂತ ನೀವೇ ಹೇಳ್ಬೇಕು."

"ಕೆಲಸದೋಳ್ಗೋಸ್ಕರ ನಾನು ಮನೆಮನೆ ಬಾಗ್ಲು ತಟ್ಲಾ? ಚೆನ್ನಾಗಿದೆ ನಿನ್ ಮಾತು!" ಎಂದು ಫೋನಿಟ್ಟರು.

ತೂತುಬಿದ್ದ ಕಾಳುಗಳನ್ನು ಬಿಗಿಮುಚ್ಚಳದ ಸೀಸೆಗೆ ಹಾಕಿಕೊಂಡು ನಾನೇ ಹೋದೆ. ಎರಡು ಮನೆಗಳಲ್ಲೂ ನಿಂತು, ನೋಟ್‌ಬುಕ್ಕಿನ ಪುಟ ತಿರುಗಿಸಿ ಮೊದಲಿಂದ ಕಡೆಯವರೆಗೆ ಹೇಳಿದೆ. ಅವರು ಸೀಸೆಯಿಂದ ಎರಡು ಹೆಜ್ಜೆ ಹಿಂದೆ ಸರಿದರು. ಅವಳನ್ನು ಮತ್ತೆ ಕರೆಯಲು ಒಪ್ಪಿದರು.

ಸೋಮವಾರ ಬೆಳಗ್ಗೆ ಅವಳು ಮೆಟ್ಟಿಲು ಹತ್ತಿ ಬಂದಾಗ ನಾನು ಬಾಗಿಲಲ್ಲೇ ಕಾದಿದ್ದೆ. "ಬಾಮ್ಮ" ಎಂದೆ.

"ಆ ಎರಡು ಮನೆಗೆ ಹೋಗ್ತೀನಿ ಟೀಚರಮ್ಮ. ನಿಮ್ಮನೇಗೆ ಬರಲ್ಲ."

"ಅತ್ತಿಗೆ ಹಾಗಂದಿದ್ದು ತಪ್ಪೇ..."

"ಅವ್ರು ಬಿಡಿ. ಅವ್ರಿಗೆ ನಾನ್ಯಾರೋ ಏನೋ. ನೀವು ಹನ್ನೊಂದು ವರ್ಷ ನೋಡಿದೀರಲ್ಲ."

ಈಗಲೂ ದಿನಾ ಬೆಳಗ್ಗೆ ಅವಳು ಎದುರು ಮನೆಯ ಹೊಸಿಲಿಗೆ ನೀರು ಹಾಕಿ ರಂಗೋಲಿ ಇಡುತ್ತಾಳೆ. ನಮ್ಮ ಹೊಸಿಲಿಗೆ ನಾನೇ ಇಟ್ಟುಕೊಳ್ಳುತ್ತೇನೆ. ಇಬ್ಬರೂ ಒಂದೇ ಹೊತ್ತಿಗೆ ಬಾಗಿ ಕೂತಿದ್ದರೆ, "ಕಾಫಿ ಆಯ್ತಾ ಟೀಚರಮ್ಮ?" ಎಂದು ಕೇಳುತ್ತಾಳೆ. ಆಯಿತು ಎನ್ನುತ್ತೇನೆ. ಆಮೇಲೆ ಒಳಗೆ ಬಂದು, ಈಗ ಏನೂ ಇಲ್ಲದ ಮಂಚದ ಕೆಳಗೆ ಗುಡಿಸುತ್ತೇನೆ.